ಜಗಲಿಯ ಮೇಲೆ ನಾಲ್ಕು ನಕಲು

ಕೊರಳಿಗೆ ಪಟ್ಟಿ ಹಾಕಿಕೊಂಡು ಓಡಾಡುವ ಗಂಡಸನ್ನು ನಾನು ಮೊದಲು ಕಂಡದ್ದು ನಮ್ಮ ಜಗಲಿಯ ಮೇಲೇ. ಪಟ್ಟಿಯ ತುದಿಯಲ್ಲಿ ಅವನದೇ ಫೋಟೊ ನೇತಾಡುತ್ತಿತ್ತು. ತಾನು ಯಾರೆಂಬುದು ಇವನಿಗೆ ಆಗಾಗ ಮರೆತುಹೋಗುತ್ತದೇನೋ ಅಂದುಕೊಂಡೆ. ಬಂದ ಮೊದಲ ದಿನವೇ, ರಾಗಿ ಕೇರುತ್ತಾ ಕೂತಿದ್ದ ನನ್ನ ಕಡೆ ಅಂಗೈ ಎತ್ತಿ, “ಅಜ್ಜಿ, ಸ್ವಲ್ಪ ಸೈಲೆಂಟ್. ಕೋಡ್ ಬರೀತಾ ಇದೀವಿ” ಅಂದ. ಮನೆ ನನ್ನದು, ಜಗಲಿ ನನ್ನದು, ಮೊರ ನನ್ನದು. ನಲವತ್ತು ವರ್ಷ ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳು ಸಾಕಿದ್ದೇನೆ. ಮೊರದ ಸದ್ದು ಜೋರಾಯಿತೆಂದು ಒಂದು ಹುಳುವೂ ಸೊಪ್ಪು ಬಿಟ್ಟಿಲ್ಲ. ಇವನಿಗೆ ಮಾತ್ರ ತೊಂದರೆಯಾಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಪತ್ರ ಬರೆಯುವಷ್ಟು ಅಕ್ಷರ ಕೈಯಲ್ಲಿ ಉಳಿದಿದೆ. ಇದನ್ನು ಬರೆಯಲು ಕೂತದ್ದು ಸಂತೋಷ ತಡೆಯಲಾರದೆ. ಮೊಮ್ಮಗಳ ವಿಷಯ ಹೇಳಿ ಹೇಳಿ, ನೀರಿಗೆ ಬರುವ ಹೆಂಗಸರು ನನ್ನನ್ನು ಕಂಡ ಕೂಡಲೇ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಹೊರಡುತ್ತಾರೆ. ಕಾಗದಕ್ಕೆ ಎದ್ದು ಹೋಗುವ ಅನುಕೂಲವಿಲ್ಲ.

ಬಿಡದಿ ಕಡೆಯ ಹೊಲಗಳಿಗೆಲ್ಲ ಕಾಂಪೌಂಡು ಬೀಳುತ್ತಿದ್ದ ವರ್ಷಗಳು ಅವು. ಬೆಳಗ್ಗೆ ಹೈವೇಯಲ್ಲಿ ನಿಂತರೆ ಕಾರ್ಖಾನೆಯ ಬಸ್ಸುಗಳದ್ದೇ ಸಾಲು. ರಾಮನಗರದಲ್ಲಿ ಒಂದು ಟೈರ್ ಅಂಗಡಿಯ ಮಹಡಿಯ ಮೇಲೂ ಒಂದು ಪುಟ್ಟ ಕಂಪನಿ ಹುಟ್ಟಿಕೊಂಡಿತ್ತು. ಅವರು ಮಾಡುತ್ತಿದ್ದುದು ಒಂದು ಪೆಟ್ಟಿಗೆ. ಚಾಕಿ ಕೋಣೆಯ ಗೋಡೆಗೆ ಅದನ್ನು ಸಿಕ್ಕಿಸಿದರೆ ಬಿಸಿಯೂ ತೇವವೂ ತಾನಾಗಿಯೇ ಹದವಾಗಿ ಇರುತ್ತದಂತೆ. ಚಾಕಿ ಎಂದರೆ ಮೊಟ್ಟೆಯೊಡೆದ ಹುಳುವಿನ ಮೊದಲ ಏಳೆಂಟು ದಿನ, ಎರಡನೇ ಸಲ ಚರ್ಮ ಕಳಚಿ ಏಳುವ ತನಕ. ಆಗ ಹುಳು ಕಣ್ಣಿಗೆ ಕಾಣುವುದೇ ಕಷ್ಟ. ಆ ದಿನಗಳಲ್ಲಿ ನಾನು ಕೋಣೆಯ ಬಿಸಿಯನ್ನು ಕೆನ್ನೆಯಲ್ಲಿ ಅಳೆಯುತ್ತಿದ್ದೆ, ತೇವವನ್ನು ಬೆರಳಿನ ಬೆನ್ನಿನಲ್ಲಿ. ಆ ಕೆಲಸಕ್ಕೆ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಒಂದು ಕಂಪ್ಯೂಟರು, ಕಂಪ್ಯೂಟರಿಗೆ ನಾಲ್ಕು ಜನ.

ಆ ನಾಲ್ವರಲ್ಲಿ ಒಬ್ಬಳು ನನ್ನ ಮಗನ ಮಗಳು. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿ, ಮನೆಯಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಉಳಿದ ಮೂವರಲ್ಲಿ ಕೊರಳಪಟ್ಟಿಯವನೇ ಯಜಮಾನ. ಗಾರೆ ಕೆಲಸದವರ ಮೇಲೆ ನಿಂತು ಕೂಗುವವನ ಹಾಗಿದ್ದನಾದ್ದರಿಂದ ನಾನು ಅವನನ್ನು ಮೇಸ್ತ್ರಿ ಎನ್ನುತ್ತಿದ್ದೆ. ಗಾರೆ ಮೇಸ್ತ್ರಿಗಳು ಕ್ಷಮಿಸಬೇಕು. ಅವರು ಕಟ್ಟಿದ ಗೋಡೆ ನಿಲ್ಲುತ್ತದೆ.

ಪೆಟ್ಟಿಗೆಯನ್ನು ನಿಜವಾದ ಹುಳುವಿನ ಮೇಲೆ ಪರೀಕ್ಷೆ ಮಾಡಬೇಕಿತ್ತು. ಯಾರೂ ಕೋಣೆ ಕೊಡಲಿಲ್ಲ. ಮೊಮ್ಮಗಳು ನನ್ನನ್ನು ಕೇಳಿದಳು, ನಾನು ಒಪ್ಪಿದೆ. ನಾಲ್ಕು ಕಂಪ್ಯೂಟರು ಕೈಲಾಂಚ ದಾಟಿ ನಮ್ಮೂರಿಗೆ ಬಂದು ಜಗಲಿಯ ಮೇಲೆ ಕೂತವು. ಅವಳು ಕೆಲಸಕ್ಕೆ ಸೇರಿ ಆಗ ಐದು ತಿಂಗಳು ತುಂಬುತ್ತಾ ಬಂದಿತ್ತು. ಆರು ತಿಂಗಳಾದ ಮೇಲೆ ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಹೇಳುತ್ತೇವೆ ಅಂದಿದ್ದರು. ಮೇಸ್ತ್ರಿ ನನ್ನೆದುರಿಗೇ ನಗುನಗುತ್ತಾ ಅಂದ: “ಹುಳ ಬದುಕಿದ್ರೆ ನಿಮ್ಮ ಮೊಮ್ಮಗಳು ಕಂಪನೀಲಿ ಇರ್ತಾಳೆ ಅಜ್ಜಿ. ಸತ್ತರೆ ನಿಮಗೆ ಸೊಪ್ಪು ಕುಯ್ಯೋಕೆ ಒಂದು ಆಳು ಸಿಗುತ್ತೆ.”

ಅವಳ ಕಿವಿ ಕೆಂಪಾಯಿತು. ನಾನು ಅವನಿಗೆ ಕಾಫಿ ಕೊಟ್ಟೆ, ಸಕ್ಕರೆ ಹಾಕದೆ.

ಮೊಟ್ಟೆ ತರುವ ಮುಂಚೆ ಮೂರು ವಾರ ಬರೀ ಬರೆಯುವುದೇ ನಡೆಯಿತು. ಕರೆಂಟು ಹೋದಾಗಲೆಲ್ಲ ಯುಪಿಎಸ್ಸು ಕುಂಯ್‌ಗುಡುತ್ತಿತ್ತು. ಅದಕ್ಕೆ ಯಾರೂ ಸೈಲೆಂಟ್ ಅನ್ನುತ್ತಿರಲಿಲ್ಲ. ಒಂದು ಸಂಜೆ ಅವರೆಲ್ಲ ಹೊರಟ ಮೇಲೆ ಮೊಮ್ಮಗಳು ಹಿತ್ತಲ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

“ಯಾಕವ್ವ?” ಅಂದೆ.

“ನಾನು ಬರ್ದಿದ್ದು ಮತ್ತೆ ಅಳಿಸ್ಬುಟ್ಟವ್ರೆ ಕಣಜ್ಜಿ. ಇದು ಮೂರ್ನೇ ಸಲ.”

“ಅಳ್ಸೋಕೆ ಅವರ್ಯಾರು?”

“ಬೇಕೂಂತ ಅಲ್ಲ. ಪ್ರೋಗ್ರಾಮು ಅಂದ್ರೆ ಪೆಟ್ಟಿಗೆಗೆ ಬರ್ದಿರೋ ಅಪ್ಪಣೆ. ಇಷ್ಟು ಬಿಸಿ ಆದ್ರೆ ಹೀಟ್ರು ಆರ್ಸು, ಇಷ್ಟು ಒಣಗಿದ್ರೆ ನೀರು ಸಿಂಪಡ್ಸು ಅಂತ. ಅದ್ರದ್ದು ಒಬ್ಬೊಬ್ರ ತಾವ ಒಂದೊಂದು ನಕಲು ಐತೆ. ಎಲ್ರೂ ಅವರವರ ನಕಲ್ನ ತಿದ್ತೀವಿ. ಸಂಜೆಗೆ ಅವ್ರು ನಾಲ್ಕನ್ನೂ ಸೇರಿಸ್ತಾರೆ.”

“ಹೆಂಗೆ ಸೇರಿಸ್ತಾನೆ?”

“ಒಂದೇ ಹಾಳೆ ಇಬ್ರ ತಾವ್ಲೂ ಇದ್ರೆ, ಯಾರು ಕೊನೇಲಿ ತಿದ್ದಿದ್ರೋ ಅವ್ರದ್ದು ಇಟ್ಕೊಂಡು ಇನ್ನೊಬ್ರದ್ದು ಎಸೀತಾರೆ.”

ನನಗೆ ನಂಬಿಕೆ ಬರಲಿಲ್ಲ. ಬಿಡಿಸಿ ಬಿಡಿಸಿ ಕೇಳಿದೆ. ಹುಳು ಜ್ವರಕ್ಕೆ ಕೂತಾಗ ನೀರು ಸಿಂಪಡಿಸುವುದನ್ನು ನಿಲ್ಲಿಸಬೇಕು ಎಂಬ ಅಪ್ಪಣೆಯನ್ನು ಅವಳು ಬೆಳಗ್ಗೆಯೆಲ್ಲ ಕೂತು ಬರೆದಿದ್ದಳು. ಅದನ್ನು ಹೇಳಿಕೊಟ್ಟವಳು ನಾನೇ. ಹುಳು ಚರ್ಮ ಕಳಚುವ ಮುಂಚೆ ಮೇಯುವುದು ಬಿಟ್ಟು, ತಲೆ ಎತ್ತಿ, ಹೆಚ್ಚುಕಡಿಮೆ ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಕೆಳಗಿನ ಸೊಪ್ಪಿನ ಹಾಸು ಒಣಗಿರಬೇಕು. ತೇವ ತಗುಲಿದರೆ ಹುಳು ಕೊಳೆಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕದ ಹುಡುಗನೊಬ್ಬ ತನ್ನ ನಕಲಿನಲ್ಲಿ ಅದೇ ಹಾಳೆ ತೆಗೆದು, ಪರದೆಯ ಹಸಿರು ಬಣ್ಣವನ್ನು ನೀಲಿ ಮಾಡಿದ್ದ. ಅವನದು ಮಧ್ಯಾಹ್ನದ್ದು, ಇವಳದು ಬೆಳಗಿನದು. ಮೇಸ್ತ್ರಿ ಗಡಿಯಾರ ನೋಡಿ ನೀಲಿ ಇಟ್ಟುಕೊಂಡ, ಜ್ವರ ಎಸೆದ.

ಇದನ್ನು ಮಾಡಲು ಅವನು ಎಷ್ಟು ವರ್ಷ ಓದಿದ್ದನೋ! ನಾಲ್ಕು ಜನ ಮಾಡಿದ ಸಾರನ್ನು ಒಂದೇ ಪಾತ್ರೆಗೆ ಸುರಿದರೂ ನಾಲ್ಕರ ರುಚಿ ಒಂದಿಷ್ಟು ಉಳಿಯುತ್ತದೆ. ಇವನದು ಕೊನೆಗೆ ಬಂದದ್ದನ್ನು ಇಟ್ಟು ಉಳಿದದ್ದನ್ನು ಬೀದಿಗೆ ಚೆಲ್ಲುವ ಅಡುಗೆ. ಸೇರಿಸಿದ್ದನ್ನು ಇಡುವ ಜಾಗಕ್ಕೆ ಒಂದೊಂದು ಹೆಸರು ಬೇರೆ: ‘ನ್ಯೂ’, ‘ನ್ಯೂ ಟೂ’, ‘ಫೈನಲ್’, ಅದರ ಮೇಲೆ ‘ಫೈನಲ್ ಲೇಟೆಸ್ಟ್’. ಯಾವುದು ಯಾವುದರ ತಾಯಿ ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ನಮ್ಮ ಕೊಟ್ಟಿಗೆಯ ಹಸುಕರುಗಳ ವಂಶವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಮೊಟ್ಟೆ ಬಂತು, ಒಡೆಯಿತು. ಎರಡನೇ ದಿನ ಮೊಮ್ಮಗಳು ಕೈ ತೊಳೆದುಕೊಂಡು ಹುಳುಮನೆಯೊಳಕ್ಕೆ ಬಂದಳು. ನಾನು ಹಿಂದುಳಿದು ಒಡೆದ ಹುಳುಗಳನ್ನು ಬೇರೆ ತಟ್ಟೆಗೆ ತೆಗೆಯುತ್ತಿದ್ದೆ.

“ಒಂದೇ ಮೊಟ್ಟೇವಲ್ವ ಅಜ್ಜಿ, ಒಂದೇ ತಟ್ಟೇಲಿ ಯಾಕೆ ಬುಡಲ್ಲ ನೀನು?”

“ನಿಮ್ಮ ಮೇಸ್ತ್ರಿ ಆಗಿದ್ರೆ ಬುಡ್ತಿದ್ದ” ಅಂದೆ.

ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಬಿಟ್ಟಿದ್ದೆ. ನಿನ್ನೆ ಒಡೆದದ್ದನ್ನೂ ಇವತ್ತು ಒಡೆದದ್ದನ್ನೂ ಒಂದೇ ತಟ್ಟೆಗೆ ಹಾಕಿದೆ, ಜಾಗ ಉಳಿಯುತ್ತದೆಂದು. ಮುಂದಿನವು ಜ್ವರಕ್ಕೆ ಕೂತವು, ಹಿಂದಿನವು ಇನ್ನೂ ಹಸಿದಿದ್ದವು. ಹಸಿದವಕ್ಕೆ ಸೊಪ್ಪು ಹಾಕಿದರೆ ಕೂತವು ಸೊಪ್ಪಿನಡಿ ಹೂತುಹೋಗುತ್ತವೆ. ಹಾಕದಿದ್ದರೆ ಹಸಿದವು ಸಾಯುತ್ತವೆ. ಎರಡೂ ಆಯಿತು. ನಮ್ಮತ್ತೆ ಮೂರು ದಿನ ನನ್ನ ಕೈಯಲ್ಲಿ ನೀರು ಮುಟ್ಟಲಿಲ್ಲ. ಅವತ್ತಿನಿಂದ ಹಿಂದಿನವಕ್ಕೆ ಬೇರೆ ತಟ್ಟೆ. ಅದನ್ನು ತಟ್ಟೆ ಜೋಡಿಸುವ ಸ್ಟ್ಯಾಂಡಿನ ಮೇಲಿನ ಅಂಕಣದಲ್ಲಿಟ್ಟರೆ ಅಲ್ಲಿ ಬಿಸಿ ಜಾಸ್ತಿ. ಒಂದು ಹೊತ್ತು ಸೊಪ್ಪನ್ನೂ ಹೆಚ್ಚಿಗೆ ಕೊಟ್ಟು ದಿನದಿನವೂ ಮುಂದಿನದರ ಸಮಕ್ಕೆ ಎಳೆದು ತರುತ್ತೇನೆ. ಎರಡೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಎದ್ದ ಬೆಳಗ್ಗೆ ಸೇರಿಸುತ್ತೇನೆ. ಅದಕ್ಕಿಂತ ಮುಂಚೆ ದೇವರು ಬಂದು ಹೇಳಿದರೂ ಸೇರಿಸುವುದಿಲ್ಲ.

ಇದನ್ನು ಕೇಳಿ ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

“ಇದೇ ಕಣಜ್ಜಿ ನಾನು ಒಂದು ತಿಂಗ್ಳಿಂದ ಬಡ್ಕೊತಿರೋದು! ಪೆಟ್ಟಿಗೆ ನಡ್ಸೋ ನಕಲು ಒಂದು ಇರ್ಬೇಕು, ಅದು ಟ್ರಂಕು, ಮರದ ಕಾಂಡ ಇದ್ದಂಗೆ. ಅದ್ನ ಯಾರೂ ನೇರವಾಗಿ ಮುಟ್ಟಂಗಿಲ್ಲ. ಒಬ್ಬೊಬ್ರಿಗೆ ಒಂದೊಂದು ಬ್ರಾಂಚು, ಕೊಂಬೆ. ದಿನಾ ಬೆಳಿಗ್ಗೆ ಕಾಂಡದಲ್ಲಿ ಹೊಸಾದು ಏನು ಬಂದೈತೋ ಅದ್ನ ಕೊಂಬೆಗೆ ತಕ್ಕೊಬೇಕು, ಹಿಂದೆ ಉಳೀಬಾರ್ದು. ಕೆಲ್ಸ ಪೂರ್ತಿ ಆಗಿ, ಪರೀಕ್ಷೆ ಮಾಡಿ, ಆಮೇಲೆ ಕೊಂಬೇನ ಕಾಂಡಕ್ಕೆ ಸೇರಿಸ್ಬೇಕು.”

“ಬೆಳೆದ ಕೊಂಬೆ ತಿರುಗಿ ಕಾಂಡದೊಳಕ್ಕೆ ಹೋಗೋದ್ನ ಯಾವ ತೋಟ್ದಲ್ಲಿ ಕಂಡೆ ನೀನು? ಹೆಸರಿಟ್ಟೋನು ಮರ ನೋಡಿಲ್ಲ. ತಟ್ಟೆ ಅನ್ನು.”

ಅವಳು ಎಷ್ಟು ನಕ್ಕಳೆಂದರೆ ಹುಳುಮನೆಯಿಂದ ಹೊರಗೆ ಕಳಿಸಬೇಕಾಯಿತು.

ಮರುದಿನ ಅವಳೇ ತನ್ನ ಕಂಪ್ಯೂಟರಿನಲ್ಲಿ ಒಂದು ಏರ್ಪಾಡು ಮಾಡಿದಳು. ಅದರ ಹೆಸರು ನನ್ನ ಬಾಯಿಗೆ ಬರಲಿಲ್ಲ. ನಾನು ಉಗ್ರಾಣ ಅಂದೆ. ಯಾರು ಏನು ತಂದು ಇಟ್ಟರೂ ಅದು ಅವರ ಹೆಸರು, ಹೊತ್ತು, ಯಾಕೆ ತಿದ್ದಿದರು ಎಂಬುದನ್ನು ಬರೆದುಕೊಳ್ಳುತ್ತದೆ. ಹಳೆಯದನ್ನು ಎಸೆಯುವುದಿಲ್ಲ. ನಿನ್ನೆಯದು ಬೇಕೆಂದರೆ ನಿನ್ನೆಯದನ್ನು ಕೊಡುತ್ತದೆ. ಮೇಸ್ತ್ರಿ ನೋಡಿ ತುಟಿ ಸೊಟ್ಟ ಮಾಡಿದ.

“ನಾಲ್ಕು ಜನಕ್ಕೆ ಇದೆಲ್ಲಾ ಯಾಕಮ್ಮಾ? ಇದು ಇನ್ನೂರು ಜನ ಇರೋ ಕಂಪನಿಗೆ.”

“ಮೂರು ಸಲ ಹೋಗಿದ್ದು ನಾಲ್ಕು ಜನ ಇದ್ದಾಗ್ಲೇ ಅಲ್ವ ಸಾರ್?” ಅಂದಳು ಮೊಮ್ಮಗಳು. ಕನ್ನಡಕದವನು ಬಗ್ಗಿ ಚಪ್ಪಲಿ ಹುಡುಕಿದ. ಅವನೂ ಇನ್ನೊಬ್ಬನೂ ಅವತ್ತಿನಿಂದ ಉಗ್ರಾಣದ ಪ್ರಕಾರ ನಡೆದರು. ಮೇಸ್ತ್ರಿಯೂ ಹೂಂ ಅಂದ, ಆದರೆ ಕೀಲಿಗೊಂಚಲಿನಲ್ಲಿ ನೇತಾಡುತ್ತಿದ್ದ ಹೆಬ್ಬೆರಳಿನಷ್ಟಗಲದ ಪೆನ್ ಡ್ರೈವನ್ನು ಬಿಡಲಿಲ್ಲ. ತನ್ನ ನಕಲು ಅದರಲ್ಲೇ ಭದ್ರ ಅನ್ನುತ್ತಿದ್ದ. ಬೆಳಿಗ್ಗೆ ಉಳಿದವರೆಲ್ಲ ಕಾಂಡದಿಂದ ಹೊಸದನ್ನು ತೆಗೆದುಕೊಳ್ಳುವಾಗ ಅವನು ಫೋನಿನಲ್ಲಿ ಮಾತಾಡುತ್ತಿರುತ್ತಿದ್ದ. ಮೇಲಿನ ಅಂಕಣಕ್ಕೆ ಏರಿಸದೆ ಮರೆತ ತಟ್ಟೆ ಅವನ ನಕಲು.

ಮೊದಲ ಜ್ವರವನ್ನು ಕೋಣೆ ಕೊಡುವಾಗ ಆಡಿದ್ದ ಮಾತಿನ ಪ್ರಕಾರ ನಾನೇ ನನ್ನ ಕೈಯಲ್ಲಿ ದಾಟಿಸಿದೆ. ಎರಡನೇ ಜ್ವರ ಪೆಟ್ಟಿಗೆಯದು. ಅದನ್ನು ನೋಡಲು ಕಂಪನಿಯ ಮಾಲೀಕರೇ ಬರುವವರಿದ್ದರು. ಮೊಮ್ಮಗಳು ಜ್ವರದ ಅಪ್ಪಣೆಯನ್ನು ಮತ್ತೆ ಬರೆದು, ಪೆಟ್ಟಿಗೆಯನ್ನು ಪಕ್ಕದ ಖಾಲಿ ಕೋಣೆಗೆ ಒಯ್ದು ನಡೆಸಿ ನೋಡಿ, ಹಿಂದಿನ ದಿನವೇ ಕಾಂಡಕ್ಕೆ ಸೇರಿಸಿದ್ದಳು. ಕೆಳಗಿನ ತಟ್ಟೆ, ಮೇಲಿನ ತಟ್ಟೆ ಎರಡೂ ಒಟ್ಟಿಗೆ ತಲೆ ಎತ್ತಿ ಕೂತವು. ಬೆಳಗ್ಗೆ ನಾನು ತಟ್ಟೆಗೆ ತೇವ ಉಳಿಯಲೆಂದು ಹೊದಿಸಿದ್ದ ಮೇಣದ ಕಾಗದ ತೆಗೆದು, ಹಾಸು ಒಣಗಲೆಂದು ಸುಣ್ಣದ ಪುಡಿ ತೆಳ್ಳಗೆ ಉದುರಿಸಿದೆ. ಪೆಟ್ಟಿಗೆ ತೆಪ್ಪಗಿತ್ತು. ಒಪ್ಪಿಕೊಳ್ಳಬೇಕು, ಕೋಣೆ ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಒಣಗಿತ್ತು.

“ಯಾರೂ ಏನೂ ಸೇರಿಸ್ಬೇಡಿ, ಹುಳು ಎದ್ದ ಮೇಲೆ ನೋಡ್ಕೊಳನ” ಎಂದು ಎಲ್ಲರಿಗೂ ಹೇಳಿ ಮೊಮ್ಮಗಳು ಮಾಲೀಕರಿಗೆ ದಾರಿ ತೋರಿಸಲು ಕೈಲಾಂಚಕ್ಕೆ ಹೋದಳು.

ಹತ್ತೂವರೆಯ ಹೊತ್ತಿಗೆ ಹುಳುಮನೆಯಲ್ಲಿ ಬುಸ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಪೆಟ್ಟಿಗೆಯ ಕೊಳವೆ ಮಂಜು ಉಗುಳುತ್ತಿದೆ. ತಟ್ಟೆಗೆ ಬೆರಳಿನ ಬೆನ್ನು ತಾಗಿಸಿದೆ. ಸುಣ್ಣ ಆಗಲೇ ಮೆತ್ತಗಾಗಿತ್ತು.

“ನಿಲ್ಸಲಾ ಅದ್ನ!” ಎಂದು ಕೂಗಿದೆ. ಬಾಗಿಲಲ್ಲಿ ಮೇಸ್ತ್ರಿ.

“ಅಜ್ಜಿ, ಏನೂ ಮುಟ್ಟಬೇಡಿ. ಸಿಸ್ಟಮ್ ರನ್ ಆಗ್ತಾ ಇದೆ.”

“ಜ್ವರದ ಹುಳದ ಮೇಲೆ ನೀರು ಬೀಳ್ತಾ ಐತೆ ಕಣಯ್ಯಾ!”

“ಅದಕ್ಕೆಲ್ಲಾ ಲಾಜಿಕ್ ಇದೆ ಅಜ್ಜಿ, ನಿಮಗೆ ಅರ್ಥ ಆಗಲ್ಲ.”

ನನಗೆ ಅರ್ಥವಾಗುವ ಲಾಜಿಕ್ಕು ಗೋಡೆಯಲ್ಲಿ ಎರಡು ತೂತಿನಲ್ಲಿ ಸಿಕ್ಕಿಕೊಂಡಿತ್ತು. ಕಿತ್ತು ಎಸೆದೆ. ಮಂಜು ನಿಂತಿತು. ಅವನು ಯಾರೋ ತನ್ನ ಬಟ್ಟೆ ಕಿತ್ತ ಹಾಗೆ ಕೂಗಾಡಿದ. ಅಷ್ಟರಲ್ಲಿ ಕಾರು ಬಂದು ನಿಂತು, ಮಾಲೀಕರೂ ಮೊಮ್ಮಗಳೂ ಇಳಿದರು.

ಏನಾಯಿತೆಂದು ಮಾಲೀಕರು ಕೇಳುವ ಮೊದಲೇ ಮೇಸ್ತ್ರಿ ಶುರು ಮಾಡಿದ: “ಸಾರ್, ಈಕೆ ಬರೆದ ಜ್ವರದ ಭಾಗ ಫೇಲ್ ಆಗಿದೆ. ನಾನು ಮೊದಲೇ ಹೇಳಿದ್ದೆ, ಫ್ರೆಶರ್ ಕೈಗೆ ಇದನ್ನ ಕೊಡಬಾರದು ಅಂತ.”

ಮಾಲೀಕರು ಅವಳ ಕಡೆ ತಿರುಗಿದರು. ಆರನೇ ತಿಂಗಳು ಮುಗಿಯಲು ಎಂಟು ದಿನವಿತ್ತು. ನಾನು ಹೆದರಿದ್ದು ಹುಳುವಿಗಾಗಿ ಅಲ್ಲ, ಸುಳ್ಳು ಯಾಕೆ ಹೇಳಲಿ. ಅವಳು ಅಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. “ಅಜ್ಜಿ, ಕಿಟಕಿ ತೆಗಿ, ಒಸಿ ಸುಣ್ಣ ಉದುರ್ಸು, ನಾನು ಬತ್ತೀನಿ” ಎಂದು ಹೇಳಿ ಜಗಲಿಗೆ ಹೋಗಿ ಉಗ್ರಾಣ ತೆರೆದಳು. ನಾನು ಸುಣ್ಣದ ಡಬ್ಬಿ ಹಿಡಿದುಕೊಂಡೇ ಒಂದು ಗಳಿಗೆ ಬಾಗಿಲಲ್ಲಿ ನಿಂತೆ. ನೋಡದೆ ಹೋಗಲು ನನ್ನಿಂದಾಗಲಿಲ್ಲ.

“ಸಾರ್, ಇಲ್ಲಿ ನೋಡಿ” ಅಂದಳು. “ನಿನ್ನೆ ಸಂಜೆ ನಾನು ಸೇರಿಸಿದ್ದು. ಬೆಳಿಗ್ಗೆ ಹತ್ತು ಗಂಟೇವರೆಗೂ ಅದೇ ನಡೀತಾ ಇತ್ತು. ಹತ್ತೂ ಇಪ್ಪತ್ತಕ್ಕೆ ಇನ್ನೊಂದು ಬಂದಿದೆ.”

ಮಾಲೀಕರು ಬಗ್ಗಿ ಓದಿದರು. ಆ ಸಾಲಿನಲ್ಲಿ ಮೇಸ್ತ್ರಿಯ ಹೆಸರಿತ್ತು. ಯಾಕೆ ತಿದ್ದಿದಿರಿ ಎಂಬ ಜಾಗದಲ್ಲಿ ಒಂದೇ ಮಾತು: ‘ಫೈನಲ್’.

ನಡೆದದ್ದು ಇಷ್ಟು. ಮಾಲೀಕರಿಗೆ ತೋರಿಸಲು ಅವನು ಒಂದು ಬಣ್ಣದ ನಕ್ಷೆ ಮಾಡಿಟ್ಟಿದ್ದ. ಅದನ್ನು ಕೊಂಬೆಯಿಂದ ಕ್ರಮವಾಗಿ ಸೇರಿಸಲು ಬೇಸರವಾಗಿ, ಪೆನ್ ಡ್ರೈವಿನಲ್ಲಿದ್ದ ತನ್ನ ಹಳೆಯ ನಕಲನ್ನು ಇಡಿಯಾಗಿ ಕಾಂಡದ ಮೇಲೆ ಸುರಿದು ಉಗ್ರಾಣಕ್ಕೆ ಹಾಕಿದ್ದ. ಅವನ ನಕಲಿನಲ್ಲಿ ಜ್ವರವೇ ಇರಲಿಲ್ಲ. ಒಣಗಿದ್ದರೆ ನೀರು ಸಿಂಪಡಿಸು ಎಂದಷ್ಟೇ ಇತ್ತು. ಕೋಣೆ ಒಣಗಿತ್ತು, ಪೆಟ್ಟಿಗೆ ಸಿಂಪಡಿಸಿತು. ಅದನ್ನು ಬೈದು ಏನು ಪ್ರಯೋಜನ, ಹೇಳಿದ್ದನ್ನು ಮಾಡಿತು.

“ಒಂದು ಹೆಜ್ಜೆ ಹಿಂದಕ್ಕೆ ತಗೋತೀನಿ ಸಾರ್” ಎಂದು ಅವಳು ಏನೋ ನಾಲ್ಕು ಸಾಲು ಒತ್ತಿದಳು. “ಅಜ್ಜಿ, ಪ್ಲಗ್ಗು ಹಾಕು.” ಹಾಕಿದೆ. ಕೊಳವೆ ಸುಮ್ಮನಿತ್ತು. ನಿನ್ನೆಯ ಕೋಣೆ ನಮಗೆ ವಾಪಸು ಸಿಕ್ಕಿತ್ತು. ಮೂರು ವಾರ ಮೂರು ಸಲ ಕಳೆದುಕೊಂಡದ್ದನ್ನು ಈ ಸಲ ನನ್ನ ಮೊಮ್ಮಗಳು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟರಲ್ಲಿ ಹಿಂದಕ್ಕೆ ತಂದಳು.

ಮಾಲೀಕರು ನನ್ನನ್ನು ಕೇಳಿದರು: “ಹುಳು ಉಳಿಯುತ್ತಾ ಅಮ್ಮಾ?”

“ನಾಳೆ ಬೆಳಿಗ್ಗೆ ಬನ್ನಿ ಸ್ವಾಮಿ. ಹುಳು ಹೇಳ್ತದೆ.”

ಮರುದಿನ ಅವರು ಬಂದರು; ಮೇಸ್ತ್ರಿಯೂ ಬಂದ, ಬರದೆ ಏನು ಮಾಡುತ್ತಾನೆ. ಬೆಳಕು ಬಿದ್ದ ಹುಳುಮನೆಯಲ್ಲಿ ಎರಡು ತಟ್ಟೆಯ ಹುಳುವೂ ಚರ್ಮ ಕಳಚಿ, ಬಾಯಿ ಆಡಿಸುತ್ತಾ ಸೊಪ್ಪಿಗಾಗಿ ತಲೆ ತಿರುಗಿಸುತ್ತಿದ್ದವು. ಅಂಚಿನಲ್ಲಿ ಕೊಳವೆಯ ಕೆಳಗೆ ಬೊಗಸೆಯಷ್ಟು ಹುಳು ಕಪ್ಪಾಗಿ ಹೋಗಿತ್ತು. ಅದನ್ನು ತೆಗೆದು ಒಂದು ಎಲೆಯ ಮೇಲಿಟ್ಟು ಮೇಸ್ತ್ರಿಗೆ ತೋರಿಸಿದೆ. “ಇದು ನಿನ್ನ ಫೈನಲ್ಲು ಕಣಪ್ಪ.”

ಮಾಲೀಕರು ಎಲೆಯನ್ನೂ ನೋಡಿದರು, ತಟ್ಟೆಯನ್ನೂ ನೋಡಿದರು. ಆಮೇಲೆ ಮೊಮ್ಮಗಳಿಗೆ, “ಆರು ತಿಂಗಳು ಇವತ್ತಿಗೆ ಆಯ್ತು ಅಂತ ಇಟ್ಕೊಳಮ್ಮ. ಇನ್ಮೇಲೆ ಟ್ರಂಕಿಗೆ ಏನು ಸೇರಬೇಕಾದ್ರೂ ನೀನು ನೋಡಿ ಹೂಂ ಅನ್ನಬೇಕು. ಇವರದ್ದೂ ಸೇರಿ” ಅಂದರು. ಇವರು ಎಂದಾಗ ಬೆರಳು ಕೊರಳಪಟ್ಟಿಯ ಕಡೆಗಿತ್ತು.

ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಒಂದು ಸಲ ಕುಣಿದು ಬಂದೆ, ಈ ವಯಸ್ಸಿನಲ್ಲಿ. ಬಂದು ಇಬ್ಬರಿಗೂ ಕಾಫಿ ಕೊಟ್ಟೆ. ಮೇಸ್ತ್ರಿಯ ಲೋಟಕ್ಕೂ ಸಕ್ಕರೆ ಹಾಕಿದೆ, ಅಷ್ಟು ಖುಷಿಯಾಗಿತ್ತು.

ಆಮೇಲೆ ತಟ್ಟೆ ಸೇರಿಸುವ ಕೆಲಸವಿತ್ತು. ಮೇಲಿನ ತಟ್ಟೆಗೆ ಎಳೆ ಸೊಪ್ಪು ಹಾಕಿದರೆ ಹುಳು ತಾನೇ ಅದರ ಮೇಲಕ್ಕೆ ಹತ್ತುತ್ತದೆ. ಸೊಪ್ಪಿನ ಸಮೇತ ಎತ್ತಿ ಕೆಳಗಿನ ತಟ್ಟೆಗೆ ಇಳಿಸಿದರೆ ಆಯಿತು. ಮೇಸ್ತ್ರಿಯನ್ನು ಕರೆದೆ. “ಬಾರಪ್ಪ, ನಿಂಗೆ ಸೇರಿಸೋದಂದ್ರೆ ಇಷ್ಟ ಅಲ್ವ. ಕೈ ತೊಳ್ಕೊಂಡು ಬಾ.” ಮಾಲೀಕರು ನೋಡುತ್ತಿದ್ದರಾದ್ದರಿಂದ ಅವನು ಬಂದ. ಬಗ್ಗಿದಾಗ ಪಟ್ಟಿ ತಟ್ಟೆಗೆ ತಗುಲುವ ಹಾಗಾಯಿತು. ತೆಗೆದು ಜೇಬಿಗೆ ಹಾಕಿಕೊಂಡ. ಫೋಟೊ ಇಲ್ಲದೆ ಅವನು ಸಾಧಾರಣ ಮನುಷ್ಯನ ಹಾಗೇ ಕಂಡ. ಒಂದು ಸೊಪ್ಪನ್ನು ಎರಡು ಬೆರಳಿನಲ್ಲಿ ಎತ್ತಿ, ಉಸಿರು ಹಿಡಿದು, ಕೆಳಗಿನ ತಟ್ಟೆಯ ಮೇಲೆ ತಂದು ನಿಲ್ಲಿಸಿ ಕೇಳಿದ:

“ಇಳಿಸ್ಲಾ ಅಜ್ಜಿ?”

“ನನ್ನ್ಯಾಕೆ ಕೇಳ್ತೀಯಪ್ಪ?” ಅಂದೆ. “ಅವಳ್ನ ಕೇಳು.”